ಎದ್ದು ಹೋಗುವವರು

ಕಹಳೆ ಊದಿತು. ಲುಯೆಲ್ಲಾ ಗ್ರಿಗ್ಸ್ ಎದ್ದು ನಿಂತಳು, ಮಂಡಿ ಲಟಕ್ಕೆಂದಿತು.

ಪರದೆಯ ಮೇಲೆ ಕುದುರೆಗಳು ಇನ್ನೂ ಓಡುತ್ತಿದ್ದವು ಅಷ್ಟೆ, ಯಾವುದೂ ಬಿದ್ದಿರಲಿಲ್ಲ. ಆದರೆ ಕಹಳೆ ಊದಿದ ಮೇಲೆ ಬೀಳಲೇಬೇಕು. ಬಿದ್ದರೆ ಜನ ಶಿಳ್ಳೆ ಹೊಡೆಯಲೇಬೇಕು. ವರ್ಷಗಳಿಂದ ಎಲ್ಲ ಚಿತ್ರಗಳೂ ಇದೇ ಹಾದಿಯಲ್ಲಿ ಬಂದು ಇದೇ ಹಾದಿಯಲ್ಲಿ ಹೋಗುತ್ತಿದ್ದವು. ಅವಳ ಪಕ್ಕದಲ್ಲಿ ಮಿಸೆಸ್ ವಿನ್‌ಶಿಪ್ ಎದ್ದಳು, ಹಿಂದಿನ ಸಾಲಿನಲ್ಲಿ ಇನ್ನೂ ಮೂರ್ನಾಲ್ಕು ಟೋಪಿಗಳು ಎದ್ದವು. ಹೆಂಗಸರು ಸಾಲಾಗಿ, ಸದ್ದಿಲ್ಲದೆ, ಜನರ ಮೊಣಕಾಲು ದಾಟಿಕೊಂಡು ಬಾಗಿಲ ಕಡೆ ನಡೆದರು. ಕತ್ತಲಲ್ಲಿ ಯಾರೋ "ಬಾತುಕೋಳಿಗಳು ಹೊರಟವಪ್ಪ" ಅಂದ. ಸುತ್ತಲಿನವರು ನಕ್ಕರು.

ಈ ಹೆಂಗಸರ ಪ್ರಾಣಿದಯಾ ಸಂಘದ ನಿಯಮ ಅದೊಂದೇ. ಪರದೆಯ ಮೇಲೆ ಪ್ರಾಣಿಗೆ ನೋವಾಗುವ ಹೊತ್ತು ಬಂದರೆ ಎದ್ದು ಹೊರಗೆ ನಡೆಯುವುದು, ಯಾಕೆ ಅಂತ ಬಾಗಿಲಲ್ಲಿ ಮಾಲೀಕನಿಗೆ ಹೇಳುವುದು. ಕೂಗಬಾರದು. ವಾದ ಮಾಡಬಾರದು. ತಿರುಗಿ ನೋಡಬಾರದು. ದೇಶದ ತುಂಬ ಇಂಥ ಸಾವಿರಾರು ಜನ ಎದ್ದು ಹೋಗುತ್ತಾರೆ ಅಂತ ಸಂಘ ನಡೆಸುವ ಮಿಸೆಸ್ ವಿನ್‌ಶಿಪ್ ಹೇಳುತ್ತಿದ್ದಳು. ಡ್ರೈ ಫೋರ್ಕ್ ಊರಿನಲ್ಲಿ ಮಾತ್ರ ಹೋಗುವವರು ಇವರಿಷ್ಟೇ, ಅದರಲ್ಲೂ ಇಬ್ಬರು ಚಳಿಗಾಲದಲ್ಲಿ ಬರುತ್ತಿರಲಿಲ್ಲ.

ಬಾಗಿಲನ್ನು ಹ್ಯಾನ್ರಟಿ ಮೊದಲೇ ತೆಗೆದು ಹಿಡಿದಿದ್ದ. ಚಿತ್ರಮಂದಿರ ಅವನದು, ಹೊಟ್ಟೆಯೂ ಅದಕ್ಕೆ ತಕ್ಕ ಹಾಗಿತ್ತು.

"ಇವತ್ತು ಸ್ವಲ್ಪ ಲೇಟಾಯ್ತಲ್ಲ ಅಮ್ಮಾವ್ರೇ?"

"ಮಂಡಿ, ಹ್ಯಾನ್ರಟಿ."

"ಮುಂದಿನ ಸಲ ಬಾಗಿಲ ಪಕ್ಕಾನೇ ಸೀಟು ಇಟ್ಟಿರ್ತೀನಿ. ನಿಮಗೂ ಸುಖ, ಕೂತು ನೋಡೋರಿಗೂ ಸುಖ."

"ಕುದುರೆಗಳಿಗೆ ಕೊಡೋ ಹಿಂಸೆ ನೋಡೋಕಾಗಲ್ಲ ಅಂತ ಎದ್ದು ಬಂದಿದೀವಿ" ಅಂದಳು ಮಿಸೆಸ್ ವಿನ್‌ಶಿಪ್, ಚರ್ಚಿನಲ್ಲಿ ಪ್ರಾರ್ಥನೆ ಒಪ್ಪಿಸುವ ಹಾಗೆ.

"ಗೊತ್ತು ತಾಯಿ, ಗೊತ್ತು. ಶನಿವಾರ ಬರ್ತೀರಲ್ಲ?"

"ಬರ್ತೀವಿ."

ಎದ್ದು ಹೋಗಬೇಕಾದರೂ ಟಿಕೆಟ್ ಕೊಂಡೇ ಒಳಗೆ ಹೋಗಬೇಕು. ಇದು ಹ್ಯಾನ್ರಟಿಗೆ ಗೊತ್ತಿತ್ತು, ಲುಯೆಲ್ಲಾಗೂ ಗೊತ್ತಿತ್ತು. ನಿಯಮ ಬರೆದ ದೊಡ್ಡ ತಲೆಗಳಿಗೆ ಮಾತ್ರ ಹೊಳೆದಿರಲಿಲ್ಲವೇನೋ.

ಕುದುರೆಗಳು ಬೀಳುವುದು ಬೇರೆಲ್ಲೋ ದೂರದಲ್ಲಲ್ಲ. ಊರಾಚೆ ಒಣಗಿದ ಕೆರೆಯ ಬಯಲಿತ್ತು. ಸಿನಿಮಾ ಕಂಪನಿ ವಸಂತಕ್ಕೊಮ್ಮೆ, ಎಲೆ ಉದುರುವ ಕಾಲಕ್ಕೊಮ್ಮೆ ಅಲ್ಲಿ ಬಂದು ಡೇರೆ ಹಾಕುತ್ತಿತ್ತು. ಕಂಪನಿ ಬಂದರೆ ಹೋಟೆಲು ತುಂಬುತ್ತದೆ, ಹುಲ್ಲು ಮಾರಿಹೋಗುತ್ತದೆ, ಕೆಲಸವಿಲ್ಲದ ಗಂಡಸರು ಸಿಪಾಯಿ ಬಟ್ಟೆ ಹಾಕಿಕೊಂಡು ಮಧ್ಯಾಹ್ನ ಪುಕ್ಕಟೆ ಅವರೆಕಾಳು ಗಂಜಿ, ರೊಟ್ಟಿ ತಿನ್ನುತ್ತಾರೆ. ದೇಶಕ್ಕೆ ದೇಶವೇ ದಿವಾಳಿ ಎದ್ದ ಆ ವರ್ಷಗಳಲ್ಲಿ ಊರಿನ ಒಲೆ ಉರಿಯುತ್ತಿದ್ದದ್ದೇ ಕಂಪನಿಯಿಂದ. ಕಂಪನಿ ಕುದುರೆಯ ಮುಂಗಾಲುಗಳಿಗೆ ತಂತಿ ಕಟ್ಟಿ, ತಂತಿಯ ತುದಿಯನ್ನು ನೆಲದಲ್ಲಿ ಹೂತ ಗೂಟಕ್ಕೆ ಬಿಗಿದು, ಓಡಲು ಬಿಡುತ್ತದೆ ಅಂತ ಎಲ್ಲರೂ ಕೇಳಿದ್ದರು. ತಂತಿ ಮುಗಿದ ಕಡೆ ಕುದುರೆ ಬೀಳುತ್ತದೆ. ಸವಾರ ಮೊದಲೇ ಲೆಕ್ಕ ಹಾಕಿ ಹಾರಿಕೊಳ್ಳುತ್ತಾನೆ. ಕುದುರೆಗೆ ಲೆಕ್ಕ ಯಾರೂ ಹೇಳಿಕೊಟ್ಟಿರುವುದಿಲ್ಲ.

ಲುಯೆಲ್ಲಾಳ ತಮ್ಮ ಆರಿನ್ ಅವಳ ಜೊತೆಯೇ ಇದ್ದ. ಮದುವೆಯಾಗದ ಇಬ್ಬರು, ಅಪ್ಪನ ಕಾಲದ ಮನೆ. ಆರಿನ್ ಇಪ್ಪತ್ತು ವರ್ಷ ಹಾಲಿನ ಗಾಡಿ ಹೊಡೆದವನು. ಡೈರಿಯವರು ಲಾರಿ ತಂದ ಮೇಲೆ ಗಾಡಿ ಕೊಟ್ಟಿಗೆ ಸೇರಿತು, ಕುದುರೆಗಳು ಎರಡೂ ಬೇಲಿಗೆ ಕತ್ತು ಹಾಕಿಕೊಂಡು ನಿಂತವು. ಪ್ಯಾನ್ಸಿ ಅನ್ನುವ ಕಂದು ಹೆಣ್ಣು ಕುದುರೆ, ಡೀಕನ್ ಅನ್ನುವ ಕಪ್ಪು ಗಂಡು. ಪ್ಯಾನ್ಸಿಯ ಹೆಗಲ ಮೇಲೆ ನೊಗದ ಪಟ್ಟಿ ಉಜ್ಜಿ ಉಜ್ಜಿ ಅಂಗೈಯಗಲ ಕೂದಲು ಹೋಗಿತ್ತು, ಮತ್ತೆ ಬರಲೇ ಇಲ್ಲ.

ಆ ವಸಂತದಲ್ಲಿ ಒಂದು ಬೆಳಗ್ಗೆ ಆರಿನ್ ಕಾಫಿಗೆ ಸಕ್ಕರೆ ಹಾಕಿ ಹಾಕಿ ಕಲಕುತ್ತಾ ಕೂತ.

"ಏನೋ ಹೇಳ್ಬೇಕು ನಿಂಗೆ. ಹೇಳು. ಆ ಚಮಚ ಸವೆದುಹೋಗತ್ತೆ" ಅಂದಳು ಲುಯೆಲ್ಲಾ.

"ಪ್ಯಾನ್ಸಿನ ಬಾಡಿಗೆಗೆ ಕೇಳಿದಾರೆ ಅಕ್ಕಾ. ಕಂಪನಿಯೋರು."

"ಬೇಡ."

"ಓಡೋದಷ್ಟೇ. ಗುಂಪಲ್ಲಿ ಓಡೋದು. ಬೀಳ್ಸೋಕೆ ಅವರ ಹತ್ರ ಅವರದ್ದೇ ಕುದುರೆ ಇವೆಯಂತೆ, ಅದಕ್ಕಂತಲೇ ಪಳಗಿಸಿರೋವು."

"ಬೀಳೋದಕ್ಕೆ ಪಳಗಿಸ್ತಾರಾ? ಸಾಯೋದಕ್ಕೂ ಪಳಗಿಸ್ತಾರಾ?"

"ನೋಡು, ನಿನ್ನ ಸಂಘದ ಮಾತು ಶುರು ಮಾಡ್ಬೇಡ. ಸುಮ್ನೆ ನಿಂತಿದಾಳೆ ಆಕೆ. ನಿಂತು ನಿಂತು ಕೊಬ್ಬಿದಾಳೆ."

"ಆರಿನ್, ಅವಳು ಹಾಲಿನ ಗಾಡಿ ಕುದುರೆ. ಪ್ರತಿ ಮನೆ ಮುಂದೆ ನಿಲ್ಲೋದು ಬಿಟ್ಟು ಬೇರೆ ಗೊತ್ತಿಲ್ಲ. ಯುದ್ಧದ ಮಧ್ಯೆ ನಿಂತುಬಿಡ್ತಾಳೆ."

ಆರಿನ್ ನಕ್ಕ. ಅವಳಿಗೂ ನಗು ಬಂತು. ಆ ನಗುವಿನಲ್ಲೇ ಮಾತು ಮುಗಿದುಹೋಯಿತು. ಹಾಗೆ ಮುಗಿಯಬಾರದಿತ್ತು.

ಚಿತ್ರೀಕರಣದ ದಿನ ಹೆಂಗಸರು ಬಯಲಿಗೆ ಹೋದರು. ಕಂಪನಿಯವರು ನೋಡುವ ಜನಕ್ಕೆಂದು ದೂರದಲ್ಲಿ ಹಗ್ಗ ಕಟ್ಟಿದ್ದರು. ಹಗ್ಗದ ಹತ್ತಿರ ಇವರು ನಿಂತರು, ಕೈಯಲ್ಲಿ ಛತ್ರಿ, ತಲೆ ಮೇಲೆ ಟೋಪಿ. ಎದ್ದು ಹೋಗುವುದಕ್ಕೆ ಕುರ್ಚಿಯಿಲ್ಲವಲ್ಲ, ಆದ್ದರಿಂದ ಬೆನ್ನು ತಿರುಗಿಸಿ ನಡೆಯುವುದು ಅಂತ ಮಿಸೆಸ್ ವಿನ್‌ಶಿಪ್ ತೀರ್ಮಾನಿಸಿದ್ದಳು. ಆರಿನ್ ಲಾರಿಗಳ ಹಿಂದೆ ಬಕೆಟ್ಟಿನಲ್ಲಿ ನೀರು ತುಂಬುತ್ತಿದ್ದ. ಅಕ್ಕನನ್ನು ಕಂಡು ಕೈ ಎತ್ತಿದ, ಎತ್ತಿದ ಕೈಯನ್ನು ಹಾಗೇ ಕೂದಲಿಗೆ ಒಯ್ದ.

ಕುದುರೆಗಳು ಬಯಲಿನ ಆ ತುದಿಯಲ್ಲಿ ಸಾಲಾಗಿ ನಿಂತವು. ಲುಯೆಲ್ಲಾ ಪ್ಯಾನ್ಸಿಯನ್ನು ಹುಡುಕಿದಳು. ಸಾಲಿನ ಮುಂದೆ, ಎಲ್ಲರಿಗಿಂತ ಮುಂದೆ ನಿಲ್ಲಿಸಿದ್ದರು. ಗುಂಪಲ್ಲಿ ಓಡೋದು ಅಂದಿದ್ದರಲ್ಲ?

ಕಹಳೆ ಊದಿತು.

"ಹೆಂಗಸರೇ" ಅಂದಳು ಮಿಸೆಸ್ ವಿನ್‌ಶಿಪ್.

ಲುಯೆಲ್ಲಾ ತಿರುಗಿದಳು. ಯೋಚಿಸಿ ತಿರುಗಿದ್ದಲ್ಲ. ಹತ್ತು ವರ್ಷದಿಂದ ಆ ಸದ್ದು ಕೇಳಿದರೆ ಮೈ ತಾನಾಗಿ ತಿರುಗುತ್ತಿತ್ತು. ಹಾಲಿನ ಕುದುರೆ ಮನೆ ಮುಂದೆ ನಿಂತ ಹಾಗೆ. ಅವಳು ನಡೆದಳು, ಕಾಲ ಕೆಳಗಿನ ಬಿರಿದ ಮಣ್ಣು ನೋಡುತ್ತಾ ನಡೆದಳು. ಬೆನ್ನ ಹಿಂದೆ ಗೊರಸಿನ ಸದ್ದು ಏರುತ್ತಾ ಬಂತು. ಆಮೇಲೆ ಒಂದು ಸದ್ದು, ನೆಂದ ಚೀಲವನ್ನು ಅಟ್ಟದಿಂದ ಕೆಳಗೆ ಎಸೆದ ಹಾಗೆ. ಆಮೇಲೆ ಗಂಡಸರ ಚಪ್ಪಾಳೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕೊನೆಗೆ ಒಂದೇ ಒಂದು ಗುಂಡು. ಅದು ಸಿನಿಮಾದ ಗುಂಡಲ್ಲ ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವಳು ತಿರುಗಿ ಓಡಿ ಬಂದಾಗ ಪ್ಯಾನ್ಸಿಯ ಮೇಲೆ ಡೇರೆ ಬಟ್ಟೆ ಹೊದಿಸಿದ್ದರು. ಒಂದು ಗೊರಸು ಹೊರಗಿತ್ತು. ಅದರ ಲಾಳ ಹೊಸದು, ಹಿಂದಿನ ವಾರ ಆರಿನ್ ಹೊಡೆಸಿದ್ದು.

ದೂರು ಕೊಟ್ಟವಳು ಲುಯೆಲ್ಲಾ. ಆರಿನ್ ಕೊಡಲಿಲ್ಲ. "ಬಿಲಕ್ಕೆ ಕಾಲು ಹಾಕಿದ್ಲಂತೆ. ಆ ಸವಾರನೇ ಹೇಳಿದ, ಅಳು ಮೋರೆ ಮಾಡ್ಕೊಂಡು ಹೇಳಿದ. ಕುದುರೆ ಬಿಲಕ್ಕೆ ಕಾಲು ಹಾಕೋದು ಹೊಸದಾ?" ಅಂದ. ಹಾಗಂದವನು ಎರಡು ದಿನ ಊಟ ಬಿಟ್ಟ.

ಊರಿನ ನ್ಯಾಯಾಧೀಶ ಟಟಲ್. ಬಾಕಿ ದಿನ ಕ್ಷೌರಿಕ. ಕ್ಷೌರದ ಕುರ್ಚಿಯನ್ನು ಗೋಡೆಗೆ ತಳ್ಳಿ, ಕನ್ನಡಿಗೆ ಟವೆಲು ಮುಚ್ಚಿದರೆ ಅದೇ ನ್ಯಾಯಾಲಯ. ಆ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಪನಿಯ ವಕೀಲ ಬಿಳಿ ಷೂ ಹಾಕಿಕೊಂಡು ಬಂದಿದ್ದ, ಆ ಧೂಳಿನ ಊರಿಗೆ ಬಿಳಿ ಷೂ! ಅವನು ಲುಯೆಲ್ಲಾಳ ಹತ್ತಿರ ಜೋರಾಗಿ ಮಾತೇ ಆಡಲಿಲ್ಲ. ಮರ್ಯಾದೆಯಿಂದ ಚರ್ಮ ಸುಲಿಯುವವರು ಇರುತ್ತಾರಲ್ಲ, ಆ ಜಾತಿ.

"ಮಿಸ್ ಗ್ರಿಗ್ಸ್, ತಂತಿ ನೋಡಿದ್ರಾ?"

"ಇಲ್ಲ."

"ಕುದುರೆ ಬಿದ್ದದ್ದು ನೋಡಿದ್ರಾ?"

"ಸದ್ದು ಕೇಳಿಸ್ತು."

"ಸದ್ದು. ನೀವು ಅಲ್ಲೇ ಇದ್ರಲ್ಲ? ಬಿಸಿಲಲ್ಲಿ, ಹಗ್ಗದ ಪಕ್ಕ?"

"ತಿರುಗಿ ನಿಂತಿದ್ದೆ. ತಿರುಗಿ ನಡೀತಿದ್ದೆ."

"ಯಾಕೆ?"

"ಅದು ನಮ್ಮ ಸಂಘದ ನಿಯಮ."

ಹಿಂದಿನಿಂದ ಯಾರೋ ಕ್ವಾಕ್ ಅಂದ. ಟಟಲ್ ಬ್ರಷ್ಷಿನಿಂದ ಮೇಜು ಕುಟ್ಟಿದ.

"ಚಿತ್ರಮಂದಿರದಲ್ಲೂ ಹೀಗೇನಾ? ಬೀಳೋಕೆ ಮುಂಚೆ ಎದ್ದು ಹೋಗ್ತೀರಾ?"

"ಹೌದು."

"ಎಷ್ಟು ವರ್ಷದಿಂದ?"

"ಹತ್ತಾಗಿರಬೇಕು."

ವಕೀಲ ಪಾಪ ಅನ್ನುವ ದನಿಯಲ್ಲಿ ಕೇಳಿದ: "ಹಾಗಾದ್ರೆ ಅಮ್ಮಾ, ಒಂದು ಕುದುರೆ ಬೀಳೋದನ್ನ ನೀವು ಹುಟ್ಟಿದಾರಭ್ಯ ನೋಡೇ ಇಲ್ಲ. ಅಲ್ವಾ?"

ಅವಳು ಮಿಸೆಸ್ ವಿನ್‌ಶಿಪ್ ಕಡೆ ನೋಡಿದಳು, ಆಕೆ ಕೈಗವಸಿನ ಗುಂಡಿ ಹಾಕಿಕೊಳ್ಳುತ್ತಿದ್ದಳು. ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೇಳಿದರು. ಯಾರೂ ನೋಡಿರಲಿಲ್ಲ. ಇಡೀ ಊರಿನಲ್ಲಿ ಕುದುರೆಗಾಗಿ ಮರುಗುವವರು ಇವರಷ್ಟೇ, ಕುದುರೆ ಸಾಯುವಾಗ ಬೆನ್ನು ಹಾಕಿದವರೂ ಇವರಷ್ಟೇ. ಕಂಡವರಿಗೆ ಕರುಳಿರಲಿಲ್ಲ, ಕರುಳಿದ್ದವರು ಕಂಡಿರಲಿಲ್ಲ.

ಟಟಲ್ ಕೆಟ್ಟವನಲ್ಲ. ಕೆನ್ನೆ ತುರಿಸಿಕೊಂಡು ಹೇಳಿದ: "ಲುಯೆಲ್ಲಾ, ನಾನೇನ್ ಮಾಡ್ಲಿ ಹೇಳು? ಕುದುರೆ ಆರಿನ್‌ದು. ಆರಿನ್ ಬಂದು ನಾನು ಹಿಂಗೆ ಹಿಂಗೆ ಕಂಡೆ, ನನ್ನ ಕುದುರೆನ ಬೇಕಂತ ಕೆಡವಿದ್ರು ಅಂತ ಹೇಳ್ಲಿ, ಮತ್ತೆ ಕೇಳ್ತೀನಿ. ಏನಪ್ಪಾ ಆರಿನ್?"

ಆರಿನ್ ಬಾಗಿಲಲ್ಲಿ ಟೋಪಿ ಹಿಚುಕುತ್ತಾ ನಿಂತಿದ್ದ. "ನಾನು ನೀರು ತುಂಬ್ತಿದ್ದೆ. ಬಿಲ ಅಂದ್ರು."

"ಮುಗೀತು" ಅಂದ ಟಟಲ್. ಕನ್ನಡಿಯ ಟವೆಲು ತೆಗೆದ.

ಬೇಸಿಗೆ ಕಳೆಯಿತು. ಅಕ್ಕ ತಮ್ಮ ಹೆಚ್ಚು ಮಾತಾಡಲಿಲ್ಲ. ಲುಯೆಲ್ಲಾ ಸಂಘಕ್ಕೆ ಹೋಗುತ್ತಿದ್ದಳು, ಯಾಕೆಂದರೆ ಶನಿವಾರ ಬರುತ್ತಿತ್ತು. ಕಹಳೆಗೆ ಏಳುತ್ತಿದ್ದಳು, ಯಾಕೆಂದರೆ ಕಹಳೆ ಊದುತ್ತಿತ್ತು. ಹೊರಗೆ ಬಂದು ಹ್ಯಾನ್ರಟಿಗೆ ಅದೇ ಮಾತು ಹೇಳುತ್ತಿದ್ದಳು. ಗಾಣಕ್ಕೆ ಕಟ್ಟಿದ ಎತ್ತಿಗೂ ಸಂಜೆಗೆ ಬಿಡುಗಡೆ ಇರುತ್ತದೆ. ಒಳಗೆ ಏನೋ ಒಣಗಿಹೋಗಿತ್ತು, ಆ ಕೆರೆಯ ಹಾಗೆ.

ಎಲೆ ಉದುರುವ ಹೊತ್ತಿಗೆ ಕಂಪನಿ ಮತ್ತೆ ಬಂತು. ಅದೇ ವಾರ, ವಸಂತದಲ್ಲಿ ತೆಗೆದ ಚಿತ್ರವೂ ಹ್ಯಾನ್ರಟಿಯ ಮಂದಿರಕ್ಕೆ ಬಂತು. ಮತ್ತು ಆರಿನ್ ಕಾಫಿ ಕಲಕುತ್ತಾ ಕೂತ.

"ಡೀಕನ್ನಾ?" ಅಂದಳು ಅವಳು.

"ಸೋಮವಾರ ಬೆಳಗ್ಗೆ ಲಾರಿ ಬರತ್ತೆ." ಅವನು ಮುಖ ಎತ್ತಲಿಲ್ಲ. "ಮಾತು ಕೊಟ್ಟಾಗಿದೆ ಅಕ್ಕಾ. ಚಳಿಗಾಲಕ್ಕೆ ಹುಲ್ಲು ಎಲ್ಲಿಂದ ತರ್ಲಿ? ಎಲ್ಲಾ ಕುದುರೆನೂ ಬಿಲಕ್ಕೆ ಬೀಳಲ್ಲ."

ಅವಳು ಜಗಳವಾಡಲಿಲ್ಲ. ಜಗಳಕ್ಕೂ ಶಕ್ತಿ ಬೇಕು. ಶನಿವಾರ ಟೋಪಿ ಹಾಕಿಕೊಂಡು ಚಿತ್ರಕ್ಕೆ ಹೋದಳು.

ಹ್ಯಾನ್ರಟಿ ಹೇಳಿದ ಮಾತಿಗೆ ತಪ್ಪದೆ ಬಾಗಿಲ ಪಕ್ಕದಲ್ಲೇ ಸೀಟು ಇಟ್ಟಿದ್ದ. ಪರದೆಯ ಮೇಲೆ ತಮ್ಮ ಬಯಲು, ತಮ್ಮ ಬೆಟ್ಟ, ಊರಿನವರು ಸಿಪಾಯಿಗಳಾಗಿ ನಿಂತಿದ್ದರು. ಜನ ಹೆಸರು ಹಿಡಿದು ಕೂಗಿ ನಗುತ್ತಿದ್ದರು. ಕಹಳೆ ಊದಿತು. ಮಿಸೆಸ್ ವಿನ್‌ಶಿಪ್ ಎದ್ದಳು, ಟೋಪಿಗಳು ಎದ್ದವು, ಹ್ಯಾನ್ರಟಿ ಬಾಗಿಲು ತೆಗೆದ.

ಲುಯೆಲ್ಲಾಳ ಮೈಯೂ ಎದ್ದಿತು. ಅರ್ಧ ಎದ್ದಿತು. ಅವಳು ಎರಡೂ ಕೈಯಲ್ಲಿ ಕುರ್ಚಿಯ ತೋಳು ಹಿಡಿದು ತನ್ನನ್ನು ತಾನೇ ಕೆಳಗೆ ಕೂರಿಸಿದಳು.

"ಲುಯೆಲ್ಲಾ. ಕಹಳೆ."

"ಕೇಳಿಸ್ತು."

"ನಿಯಮ, ಲುಯೆಲ್ಲಾ!"

"ನೀವು ಹೋಗಿ. ಅಡ್ಡ ನಿಂತಿದೀರ, ಕಾಣಲ್ಲ ನಂಗೆ."

ಮಿಸೆಸ್ ವಿನ್‌ಶಿಪ್ ಕಪಾಳಕ್ಕೆ ಹೊಡೆಸಿಕೊಂಡವಳ ಹಾಗೆ ನಿಂತಳು. ಆಮೇಲೆ ಸ್ಕರ್ಟು ಎಳೆದುಕೊಂಡು ಹೊರಟಳು. ಹ್ಯಾನ್ರಟಿ ಬಗ್ಗಿ ಪಿಸುಗುಟ್ಟಿದ: "ಅಮ್ಮಾವ್ರೇ, ಬಾಗಿಲು ತೆಗೆದೇ ಇಟ್ಟಿದೀನಿ."

"ಮುಚ್ಚು. ಬೆಳಕು ಬೀಳ್ತಿದೆ."

ಅವಳು ನೋಡಿದಳು. ಮುಂದೆ ಓಡಿ ಬರುತ್ತಿದ್ದದ್ದು ಪ್ಯಾನ್ಸಿ. ಹೆಗಲ ಮೇಲಿನ ಬೋಳು ಮಚ್ಚೆ ಪರದೆಯ ಮೇಲೆ ತಟ್ಟೆಯಷ್ಟು ದೊಡ್ಡದಾಗಿ ಕಂಡಿತು. ಜನ ಸವಾರನನ್ನು ನೋಡುತ್ತಿದ್ದರು, ಕತ್ತಿ ಬೀಸುತ್ತಿದ್ದ. ಅವಳು ಕಾಲು ನೋಡಿದಳು. ಎರಡೂ ಮುಂಗಾಲು ಒಟ್ಟಿಗೆ, ಒಂದೇ ಏಟಿಗೆ, ಹೊಟ್ಟೆಯ ಕೆಳಗೆ ಹಿಂದಕ್ಕೆ ಸೆಳೆದುಕೊಂಡು ಹೋದವು, ಯಾರೋ ಹಿಡಿದು ಜಗ್ಗಿದ ಹಾಗೆ. ಕುತ್ತಿಗೆ ನೆಲಕ್ಕೆ ಬಡಿಯಿತು, ಮೈ ಅದರ ಮೇಲೆ ಮಗುಚಿತು. ಸವಾರ ಹಾರಿ ಉರುಳಿ ಎದ್ದ. ಜನ ಶಿಳ್ಳೆ ಹೊಡೆದರು. ಕ್ಯಾಮೆರಾ ಮಾತ್ರ ಅಲ್ಲೇ ನಿಂತಿತ್ತು, ಚೆನ್ನಾಗಿ ಕಾಣುತ್ತಿದೆಯಲ್ಲ ಅಂತ. ಪ್ಯಾನ್ಸಿ ಹಿಂಗಾಲು ಊರಿ ಏಳಲು ನೋಡಿದಳು. ಮತ್ತೆ ನೋಡಿದಳು.

ಆಮೇಲೆ ಪರದೆಯ ಮೇಲೆ ಹುಡುಗಿಯೊಬ್ಬಳು ಕಿಟಕಿಯಲ್ಲಿ ನಿಂತು ಹಾಡಿದಳು.

ಲುಯೆಲ್ಲಾ ಅಳಲಿಲ್ಲ. ಅವಳಿಗೆ ಬಂದದ್ದು ಸಿಟ್ಟೂ ಅಲ್ಲ, ದೊಡ್ಡ ಸುಸ್ತು. ಸಾಕ್ಷಿ ಎಲ್ಲಿದೆ ಎಲ್ಲಿದೆ ಅಂತ ಊರೆಲ್ಲ ಕೇಳಿತ್ತು. ಗೋಡೆಯಷ್ಟು ದೊಡ್ಡದಾಗಿ, ದೀಪ ಹಾಕಿ, ಹತ್ತು ವರ್ಷ ವಾರ ವಾರ ತೋರಿಸಿದ್ದರು. ಸರಿಯಾಗಿ ಅದೇ ಹೊತ್ತಿಗೆ ತಾವು ಎದ್ದು ಹೋಗಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲಾದರೂ ಕುಡಿಯುತ್ತದೆ. ತಾವು ಕಣ್ಣು ಮುಚ್ಚಿ ಕುಡಿದದ್ದೇನು?

ಮನೆಯಲ್ಲಿ ಆರಿನ್ ಒಲೆಯ ಮುಂದೆ ಕೂತಿದ್ದ.

"ನಾಳೆ ಮಧ್ಯಾಹ್ನದ ಆಟಕ್ಕೆ ನನ್ನ ಜೊತೆ ಬಾ."

"ನೀನು ಎದ್ದು ಬರೋದಕ್ಕೆ ನಾನ್ಯಾಕೆ?"

"ನಾನು ಏಳಲ್ಲ."

ಅವನು ಅವಳ ಮುಖ ನೋಡಿದ.

ಭಾನುವಾರ ಆರಿನ್ ಚರ್ಚಿನ ಕೋಟಿನಲ್ಲೇ ಬಂದ. ಮೊದಮೊದಲು ಗೂಟದ ಹಾಗೆ ಕೂತವನು ಬರಬರುತ್ತಾ ಸಡಿಲವಾದ. ಸಿಪಾಯಿ ವೇಷದ ಪರಿಚಯದವರನ್ನು ಕಂಡು ನಕ್ಕ. ಕಹಳೆ ಊದಿ ಕುದುರೆಗಳು ಬಂದಾಗ ಮುಂದಕ್ಕೆ ಬಗ್ಗಿ, ಬೆರಳು ತೋರಿಸಿ, ಇಡೀ ಮಂದಿರಕ್ಕೆ ಕೇಳುವ ಹಾಗೆ ಕೂಗಿದ:

"ಅಗೋ! ಪ್ಯಾನ್ಸಿ! ಎಲ್ಲರಿಗಿಂತ ಮುಂದೆ ಇದಾಳೆ ನೋಡು, ಅಕ್ಕಾ!"

"ಕಾಲು ನೋಡು" ಅಂದಳು ಲುಯೆಲ್ಲಾ. "ಸವಾರನ್ನ ನೋಡ್ಬೇಡ. ಕಾಲು."

ಚಾಚಿದ ಬೆರಳು ಹಾಗೇ ನಿಂತಿತು. ಶಿಳ್ಳೆ ಎದ್ದಿತು. ಆರಿನ್ ಎದ್ದ, ಸೀಟು ಧಡಕ್ಕೆಂದು ಮಡಚಿಕೊಂಡಿತು, ಅವನು ಬಾಗಿಲ ಕಡೆ ತಿರುಗಿದ. ಹ್ಯಾನ್ರಟಿ ಅಭ್ಯಾಸಬಲದಿಂದ ಬಾಗಿಲು ತೆಗೆದ.

ಲುಯೆಲ್ಲಾ ತಮ್ಮನ ಕೋಟಿನ ಅಂಚು ಹಿಡಿದಳು.

"ಕೂತ್ಕೋ."

"ಬಿಡೇ ಅಕ್ಕಾ."

"ಇನ್ನೂ ಮುಗಿದಿಲ್ಲ. ಈಗ ಏಳೋಕೆ ನೋಡ್ತಾಳೆ. ಅದನ್ನೂ ನೋಡು. ಯಾರಾದ್ರೂ ನೋಡ್ಬೇಕು ಆರಿನ್."

ಅವನು ಕೂತ. ನೋಡಿದ. ಕಿಟಕಿಯ ಹುಡುಗಿ ಬಂದು ಹಾಡು ಶುರು ಮಾಡಿದರೂ ಅವನ ಕಣ್ಣು ಪರದೆಯ ಅದೇ ಮೂಲೆಯಲ್ಲಿತ್ತು. ಕೋಟನ್ನು ಅವಳು ಬಿಟ್ಟಿರಲಿಲ್ಲ.

ಹೊರಗೆ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. "ಹೆಂಗಿತ್ತು ಆರಿನ್, ನಿನ್ನ ಕುದುರೆ ಚಿತ್ರ?" ಅಂತ ಹ್ಯಾನ್ರಟಿ ಕೇಳಿದ. ಆರಿನ್ ಅವನನ್ನು ನೋಡಿದ ರೀತಿಗೆ ಹ್ಯಾನ್ರಟಿ ಒಳಗೆ ಹೋದ.

ಸ್ವಲ್ಪ ದೂರ ನಡೆದರು.

"ಎರಡೂ ಕಾಲು" ಅಂದ ಆರಿನ್. "ಬಿಲಕ್ಕೆ ಬಿದ್ರೆ ಒಂದು ಕಾಲು ಹೋಗತ್ತೆ. ಎರಡೂ ಒಟ್ಟಿಗೆ ಹೋದ್ವು."

"ಹ್ಞೂಂ."

"ನನ್ನ ಕೈಯಾರೆ ಹಗ್ಗ ಹಿಡಿದು ಕೊಟ್ಟೆ."

ಸಮಾಧಾನ ಹೇಳುವಷ್ಟು ಒಳ್ಳೆಯವಳಾಗಿ ಉಳಿದಿರಲಿಲ್ಲ ಅವಳು.

"ಟಟಲ್ ಇವತ್ತು ಅಂಗಡಿ ತೆಗೀತಾನಾ?"

"ಭಾನುವಾರ. ಮನೇಲಿರ್ತಾನೆ."

"ಊಟಕ್ಕೆ ಕೂತಿರ್ತಾನೆ."

"ಉಣ್ಲಿ. ಕಾಯೋಣ."

ಟಟಲ್ ಮನೆಯ ಬೀದಿಗೆ ತಿರುಗುವಾಗ ಆರಿನ್ ನಿಂತ. "ಡೀಕನ್ನ ನಾನು ಕೊಡಲ್ಲ ಅಂದ್ರೆ ಅವರೇನು ಸುಮ್ನಿರ್ತಾರಾ? ನಾಳೆ ಇನ್ಯಾರದೋ ಕುದುರೆ ಲಾರಿ ಹತ್ತತ್ತೆ. ಟಟಲ್ ಇಲ್ಲಿ ಬೇಡ ಅಂದ್ರೆ ಬೆಟ್ಟದಾಚೆ ಹೋಗಿ ಕೆಡವ್ತಾರೆ."

"ಗೊತ್ತು."

"ಮತ್ತೆ?"

"ಮತ್ತೆ ಏನು? ಅಲ್ಲಿಗೂ ಹೋಗಿ ನಿಂತ್ಕೋಬೇಕು. ಅವರ ಕಡೆ ಮುಖ ಮಾಡಿ."

ಅವಳ ದನಿಯಲ್ಲಿ ಹುರುಪಿರಲಿಲ್ಲ. ಒಲೆ ಹೊತ್ತಿಸಬೇಕು, ನೀರು ತರಬೇಕು ಅನ್ನುವ ಹಾಗೆ ಹೇಳಿದಳು. ಟಟಲ್ ಮನೆಯೊಳಗಿಂದ ಹುರಿದ ಕೋಳಿಯ ವಾಸನೆ, ತಟ್ಟೆಗಳ ಸದ್ದು ಬರುತ್ತಿತ್ತು. ಆರಿನ್ ಬಾಗಿಲು ತಟ್ಟಿದ, ಟೋಪಿ ತೆಗೆದು ಕೈಯಲ್ಲಿ ಹಿಡಿದ, ಈ ಸಲ ಹಿಚುಕಲಿಲ್ಲ. "ಹಣ್ಣಿನ ಪೈ ತಿಂದು ಬರ್ತೀನಿ, ಇರಿ!" ಅಂತ ಒಳಗಿನಿಂದ ಟಟಲ್ ಕೂಗಿದ.

ಲುಯೆಲ್ಲಾ ಮಂಡಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಳು. ಏಳುವ ಅವಸರ ಅವಳಿಗಿರಲಿಲ್ಲ.